ಚುಕ್ಕಿಯಲಂಕಾರ

ರಾತ್ರಿ ಹತ್ತರಿಂದ ಬೆಳಿಗ್ಗೆ ಆರು.
ಗಂಟೆಗೆ ಕಾಲುಪಾಲು ಹೆಚ್ಚು ಎನ್ನುತ್ತದೆ
ಸುತ್ತೋಲೆಯ ಏಳನೇ ಕಲಮು.
ಆರಕ್ಕೆ ಯಂತ್ರಕ್ಕೆ ಬೆರಳೊತ್ತಿದ ಮೇಲೆ
ಬೀಗದ ಕೈ ಎಣಿಸಿ, ಪುಸ್ತಕ ತಾಳೆ ನೋಡಿ, ಒಪ್ಪಿಸಲು
ಇಪ್ಪತ್ತು ನಿಮಿಷ.
ಅದು ಯಾವ ಕಲಮಿನಲ್ಲೂ ಇಲ್ಲ.

ಮನಾಮದ ಈ ಠಾಣೆಯ ನೆಲಮಾಳಿಗೆಯಲ್ಲಿ
ವಾರಸುದಾರರಿಲ್ಲದ ವಸ್ತುಗಳಿಗೆ ನಾನು ಕಾವಲು.
ಪೊಲೀಸನಲ್ಲ. ಅಂಗಿಯ ಬಣ್ಣ ಮಾತ್ರ ಹತ್ತಿರದ್ದು.
ಇಲ್ಲಿ ಗಿಡುಗದ ಕಣ್ಣು ಮುಚ್ಚುವ ತೊಗಲ ಟೊಪ್ಪಿಗೆ ಇದೆ,
ಒಂದು ಸಾಲು ಕೆಳಹಲ್ಲು,
ವರ್ಷಕ್ಕೆ ನಾಲ್ಕು ದಿನ ಮಳೆ ಬೀಳುವ ಊರಿನಲ್ಲಿ
ಹದಿನಾಲ್ಕು ಕೊಡೆ.
ಹೆಸರಿಲ್ಲದ್ದಕ್ಕೆ ತೊಂಬತ್ತು ದಿನ, ಆಮೇಲೆ ಹರಾಜು.
ಹೆಸರಿದ್ದದ್ದಕ್ಕೆ ಒಂದು ವರ್ಷ.
ನೌಕರರು ಕೂಗುವಂತಿಲ್ಲ, ಕೊಳ್ಳುವಂತಿಲ್ಲ.

ನಿನ್ನೆ ಹರಾಜಿನ ಪಟ್ಟಿ ಹಿಡಿದು ಚೀಟಿ ಅಂಟಿಸುತ್ತಿದ್ದೆ.
ನಾನೂರ ಹನ್ನೊಂದು: ಸ್ಟೀಲ್ ಪಾತ್ರೆ, ಮೂರಂತಸ್ತು,
ಸಿಕ್ಕಿದ್ದು ಮುಹರ್ರಖ್ ಬಸ್ಸಿನ ಕೊನೆಯ ಸೀಟಿನಡಿ,
ಮುಚ್ಚಳದ ಮೇಲೆ ಚುಕ್ಕಿಯಲಂಕಾರ.
ಎಂಬತ್ತೆಂಟನೆಯ ದಿನ.
ದೀಪಕ್ಕೆ ಓರೆಯಾಗಿ ಹಿಡಿದೆ.

ಅಲಂಕಾರವಲ್ಲ ಮಾರಾಯ್ರೇ, ಅಕ್ಷರ!
ಪಾತ್ರೆ ಅಂಗಡಿಯವನು ಟಕಟಕ ಕುಟ್ಟಿ ಕೊಟ್ಟದ್ದು:
ವಾರಿಜಾ ಸೋಮಪ್ಪ ದಂಪತಿಗೆ
ಮೂಡುಬೆಳ್ಳೆ ಬೀಡಿ ಬ್ರಾಂಚಿನ ಗೆಳತಿಯರು
೧೮–೫–೯೭

ಎರಡನೇ ಡಬ್ಬಿಯ ತಳದಲ್ಲಿ
ಕುಚ್ಚಲಕ್ಕಿಯ ಅನ್ನದ ಒಂದಗುಳು,
ಒಣಗಿ ಹರಳಾಗಿತ್ತು.
ಕೊಳೆಯುವ ವಸ್ತು ಸಿಕ್ಕರೆ ಎಸೆದು ನಮೂದಿಸಬೇಕು.
ನಮೂದಿಸಲಿಲ್ಲ. ಎಸೆಯಲೂ ಇಲ್ಲ.

ನನ್ನಮ್ಮನೂ ಸಾವಿರಕ್ಕಿಷ್ಟು ಎಂದು ಬೀಡಿ ಕಟ್ಟಿದವಳು.
ನೂಲು ಸಡಿಲ, ಎಲೆ ಹರುಕು ಎಂದು
ಬ್ರಾಂಚಿನವ ಹಿಡಿ ಹಿಡಿಯಾಗಿ ಆಚೆ ಸರಿಸುತ್ತಿದ್ದ.
ಸರಿಸಿದ್ದು ಸಂಜೆಗೆ ಅವನ ಚೀಲದಲ್ಲೇ.
ಅವಳ ಪುಸ್ತಕದಲ್ಲಿ ಅದಕ್ಕೆ ಸಾಲಿರಲಿಲ್ಲ.
ಆ ಹೆಂಗಸರಲ್ಲೇ ಯಾರೋ
ಎಂಟಾಣೆ, ರೂಪಾಯಿ ಕೂಡಿಹಾಕಿ
ಗೆಳತಿಗೆ ಮೂರಂತಸ್ತು ತೆಗೆದಿದ್ದರು.

ಬೆಳಿಗ್ಗೆ ಆರಕ್ಕೆ ಬೆರಳೊತ್ತಿದೆ.
ಆಮೇಲೆ ಸಾರ್ಜೆಂಟ್ ಜುಮಾನ ಮೇಜಿನ ಮುಂದೆ ನಿಂತು
ಇದಕ್ಕೆ ಹೆಸರಿದೆ ಎಂದೆ.
ಅವನು ಕನ್ನಡಕ ಏರಿಸಿ ನೋಡಿದ.
‘ಲಿಗೋರಿ, ಇದು ಹೂವಿನ ಬಳ್ಳಿ.’
‘ಓದಿ ಹೇಳುತ್ತೇನೆ, ಬರೆದುಕೊಳ್ಳಿ.’
ಬರೆದುಕೊಂಡ, ಬಲದಿಂದ ಎಡಕ್ಕೆ.
ಅವನ ಲಿಪಿಯಲ್ಲಿ ಪಕಾರವಿಲ್ಲ,
ಸೋಮಪ್ಪ ಸೋಮಬ್ಬನಾದ.
ಳಕಾರವೂ ಇಲ್ಲ, ಬೆಳ್ಳೆ ಬೆಲ್ಲವಾಯಿತು.
ವಾರಿಜಾ ಒಬ್ಬಳು ಹೇಗೋ ಇಡಿಯಾಗಿ ದಾಟಿದಳು.
ಓದಿದವರ ರುಜು ಎಂಬಲ್ಲಿ ನನ್ನ ರುಜು.
ನಾನೂರ ಹನ್ನೊಂದು ಹರಾಜಿನ ಪಟ್ಟಿಯಿಂದ ಇಳಿದು
ಮೂರನೇ ಕಪಾಟಿಗೆ ಹೋಯಿತು, ಇನ್ನೂ ಒಂಬತ್ತು ತಿಂಗಳಿಗೆ.

ಹೊರಡುವಾಗ ಸುಮ್ಮನೆ ಕೇಳಿದೆ:
‘ಹನ್ನೊಂದು ವರ್ಷದ ನನ್ನ ಇಪ್ಪತ್ತಿಪ್ಪತ್ತು ನಿಮಿಷ
ಯಾವ ಕಪಾಟಿನಲ್ಲಿವೆ, ಜುಮಾ?’
ಅವನು ನಗಲಿಲ್ಲ. ಚಹಾ ಲೋಟ ನನ್ನ ಕಡೆ ತಳ್ಳಿದ.
‘ಅರ್ಜಿ ಕೊಡು. ಗುರುತು ಏನು ಅಂತ ಬರೀತೀಯ?’

ಕಂಪನಿಯ ವ್ಯಾನು ಹೋಗಿಯಾಗಿತ್ತು.
ಇರಾನಿಯ ತಂದೂರಿನೆದುರು ರೊಟ್ಟಿಯ ಸಾಲು ದಾಟಿ
ಬಸ್ ನಿಲ್ದಾಣದವರೆಗೆ ನಡೆದೆ.
ಕೆಲಸಕ್ಕೆ ಹೊರಟ ಗಂಡಸರ ಕೈಯಲ್ಲಿ
ಸ್ಟೀಲು, ಪ್ಲಾಸ್ಟಿಕ್ಕು, ಬಟ್ಟೆ ಸುತ್ತಿದ್ದು.
ನಾನು ಮುಖ ನೋಡಲಿಲ್ಲ, ಮುಚ್ಚಳಗಳನ್ನೇ ನೋಡಿದೆ,
ಬಿಸಿಲು ಓರೆಯಾಗಿ ಬೀಳುವ ಕಡೆ ಬಾಗಿ ಬಾಗಿ.
ಒಬ್ಬ ತನ್ನ ಬುತ್ತಿಯನ್ನು ಎದೆಗೆ ಒತ್ತಿಕೊಂಡು
ಹಿಂದಕ್ಕೆ ಸರಿದ.
ನನ್ನ ಅಂಗಿಯ ಬಣ್ಣ ಕಂಡಿರಬೇಕು.